ಅವರೆಕೋಟೆ ದೊರೆಯ ಇಂಗ್ಲಿಷ್ ಪರಾಕು

ಅವರೆಕೋಟೆ ಅಂತ ಒಂದು ರಾಜ್ಯ ಇತ್ತು. ಎಷ್ಟು ಪುಟ್ಟದು ಅಂದರೆ, ದೊರೆ ಉಪ್ಪರಿಗೆ ಮೇಲೆ ನಿಂತು ಸೀನಿದರೆ ಗಡಿ ಕಾಯುವವನು ಅಲ್ಲಿಂದಲೇ "ನೂರು ವರ್ಷ ಬಾಳಿ" ಅನ್ನುತ್ತಿದ್ದ. ನಗಬೇಡ್ರೋ, ಕಥೆ ಇನ್ನೂ ಶುರುವೇ ಆಗಿಲ್ಲ.

ಅಲ್ಲಿಯ ದೊರೆ ಮುದ್ದವೀರನಾಯಕ. ಮನಸ್ಸೇನೋ ಬೆಣ್ಣೆ. ಆದರೆ ಹೊಗಳಿಕೆ ಅಂದರೆ ಬಾಯಿ ಬಾಯಿ ಬಿಡುತ್ತಿದ್ದ. ಸಭೆಗೆ ಬಂದಾಗ ಭಟರು "ರಾಜಾಧಿರಾಜ, ಬಹುಪರಾಕ್!" ಅಂತ ಕೂಗುತ್ತಿದ್ದರು. ಅವನ ತಾತನಿಗೂ ಅದೇ ಕೂಗು, ಅಪ್ಪನಿಗೂ ಅದೇ ಕೂಗು. ಕೇಳಿ ಕೇಳಿ ದೊರೆಗೆ ಬೇಜಾರು ಹಿಡಿದಿತ್ತು.

ಹೀಗಿರುವಾಗ ಕಡಲ ಕಡೆಯಿಂದ ಸರ್ವೋತ್ತಮ ಅನ್ನುವ ದುಬಾಷಿ ಬಂದ. ಎರಡು ಭಾಷೆ ಬಲ್ಲವನು, ಇಂಗ್ಲಿಷರ ಮಾತು ಕನ್ನಡಕ್ಕೆ ತಂದು ಹೇಳುವವನು. ನಾಲಿಗೆ ನುಣುಪು, ಹೊಟ್ಟೆಯೊಳಗೆ ಮಾತ್ರ ಬೇರೆ ಲೆಕ್ಕ.

"ಮಹಾಸ್ವಾಮಿ, ತಮ್ಮಂಥವರಿಗೆ ಈ ಹಳೇ ಪರಾಕು ಯಾಕೆ?" ಅಂದ. "ಒಳ್ಳೇ ತೀರ್ಮಾನ ಮಾಡುವವರನ್ನು ಹೊಗಳೋಕೆ ಇಂಗ್ಲಿಷಿನಲ್ಲಿ ಚಂದ ಚಂದದ ಮಾತುಗಳಿವೆ. ದಿನದ ಕೆಲಸದಲ್ಲಿ ಹದ ತಿಳಿದವರು ಸೆನ್ಸಿಬಲ್. ನಾಳೆಯ ಕಷ್ಟ ಇವತ್ತೇ ಕಂಡು ಜೋಪಾನ ಮಾಡುವವರು ಪ್ರೂಡೆಂಟ್. ಹಿಂದುಮುಂದು ನೋಡಿ, ನಾಲ್ಕು ಜನಕ್ಕೆ ಒಳ್ಳೇದಾಗೋ ಹಾಗೆ ನಡೆಯುವವರು ವೈಸ್."

"ಇದರಲ್ಲಿ ನಾನು ಯಾವುದಪ್ಪಾ?" ಅಂದ ದೊರೆ.

"ಅಯ್ಯೋ, ಮೂರೂ ತಾವೇ!"

ಮುಗೀತು. ದೊರೆ ಕುಂತಲ್ಲಿ ಕುಂತಿರಲಾರದೆ ಆವತ್ತೇ ಒಂದು ತೀರ್ಮಾನ ಮಾಡಿದ. "ಬಾವಿ ಹಗ್ಗ ಇಷ್ಟುದ್ದ ಯಾಕೆ? ಸುಮ್ಮನೆ ದಂಡ. ಅರ್ಧಕ್ಕೆ ಕತ್ತರಿಸಿ."

"ಸೆನ್ಸಿಬಲ್, ಮಹಾಸ್ವಾಮಿ! ಸೆನ್ಸಿಬಲ್!" ಅಂತ ಕೂಗಿದ ದುಬಾಷಿ. ದೊರೆ ಹಿಗ್ಗಿಹೋದ. ಅತ್ತ ಕೊಡಗಳು ನೀರು ಮುಟ್ಟದೆ ನಡುಬಾವಿಯಲ್ಲೇ ತೂಗಾಡಿದವು. ಹೆಂಗಸರು ಬಾವಿಗೆ ಬಗ್ಗಿ ಬೈದರು. ಆ ಬೈಗುಳ ಗಂಗಮ್ಮತಾಯಿಗೆ ಮಾತ್ರ ಕೇಳಿಸಿತು.

ಎರಡನೇ ತೀರ್ಮಾನ ಬಂತು. "ಬೆಕ್ಕುಗಳು ಹಾಲು ಕದಿಯುತ್ತವೆ. ಊರಲ್ಲಿ ಒಂದೂ ಉಳಿಯಬಾರದು. ಗಡಿ ದಾಟಿಸಿ."

"ಪ್ರೂಡೆಂಟ್, ಮಹಾಸ್ವಾಮಿ! ಪ್ರೂಡೆಂಟ್!"

ಬೆಕ್ಕು ಹೋದವು. ಇಲಿಗಳು ನೆಂಟರನ್ನೂ ಕರಕೊಂಡು ಬಂದವು. ಕಣಜದ ರಾಗಿ ತಿಂದು, ಅರಮನೆ ಹಾಸಿಗೆಯಲ್ಲೇ ಮರಿ ಹಾಕಿದವು.

ಈಗ ಮೂರನೇದು. ಅದನ್ನು ದುಬಾಷಿಯೇ ದೊರೆಯ ಕಿವಿಗೆ ಊದಿದ. "ಮಹಾಸ್ವಾಮಿ, ಊರ ಮೇಲಿನ ದೊಡ್ಡಕೆರೆ ಬರಿದು ಮಾಡಿಸಿ. ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ ಬೆಳೆಯೋಕೆ ಆ ನೆಲವನ್ನು ಪರವೂರಿನ ಸಾಹುಕಾರರಿಗೆ ಕೊಟ್ಟುಬಿಡಿ."

"ಆಗಲಿ, ಬರಿದು ಮಾಡಿಸೋಣ" ಅಂದುಬಿಟ್ಟ ದೊರೆ.

"ವೈಸ್, ಮಹಾಸ್ವಾಮಿ! ವೈಸ್!"

ಊರು ಗಡಗಡ ನಡುಗಿತು. ಗದ್ದೆಗೆ ಅದೇ ನೀರು, ದನಕ್ಕೆ ಅದೇ ನೀರು. ಕೆರೆ ಬತ್ತಿದರೆ ಬಾವಿಯೂ ಬತ್ತುತ್ತದೆ. ಕೆಲವರು ಆಗಲೇ ಗಾಡಿಗೆ ಪಾತ್ರೆಪಡಗ ತುಂಬಿದರು.

ಊಟದ ಹೊತ್ತಿಗೆ ರಾಣಿ ಲಿಂಗಾಜಮ್ಮ ದೊರೆಯ ಮುಂದೆ ಚೊಂಬು ಇಟ್ಟಳು. ಅದರಲ್ಲಿ ಒಂದು ಗುಟುಕು ನೀರು.

"ಇಷ್ಟೇನಾ?" ಅಂದ ದೊರೆ.

"ನಿಮ್ಮ ಸೆನ್ಸಿಬಲ್ ಹಗ್ಗಕ್ಕೆ ಸಿಕ್ಕಿದ್ದು ಇಷ್ಟೇ. ಅನ್ನ ಇಲ್ಲ. ಅದನ್ನು ನಿಮ್ಮ ಪ್ರೂಡೆಂಟ್ ಇಲಿ ತಿಂದವು."

ದೊರೆಗೆ ರೇಗಿತು. "ಮಾತಿಗೇನಾಗಿದೆ? ಒಳ್ಳೇ ಮಾತೇ ಅಲ್ಲವಾ?"

"ಮಾತು ಬಂಗಾರದಂಥವು, ದೊರೆಗಳೇ. ಹಾಕಿದ ಜಾಗ ತಪ್ಪು. ಕೆಲಸ ಒಲೆ ಮೇಲಿರುವಾಗಲೇ ರುಚಿ ಹೇಳಿಬಿಡುತ್ತಾನೆ ಆ ದುಬಾಷಿ. ಹೋಗಲಿ, ಒಂದು ಹೇಳಿ. ಇಲ್ಲಿತನಕ ಒಂದು ಸಲವಾದರೂ ಅವನು ನಿಮಗೆ 'ಬೇಡ' ಅಂದಿದ್ದಾನಾ?"

ದೊರೆ ಯೋಚಿಸಿದ. ತಲೆ ಕೆರೆದುಕೊಂಡ. ಒಂದು ಸಲವೂ ಇಲ್ಲ! ಕಿಟಕಿಯಾಚೆ ಗಾಡಿ ಹೊರಡುವ ಸದ್ದು ಕೇಳಿಸಿತು. ಅವನಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೇ ಬಂತು. "ನನ್ನ ಜನ ನನ್ನಿಂದಲೇ ಊರು ಬಿಡುತ್ತಿದ್ದಾರಲ್ಲೇ" ಅಂದ.

ಚೊಂಬಿನ ನೀರು ಕುಡಿದು ಎದ್ದ. ಸೀದಾ ಕೆರೆ ಏರಿಗೆ ಬಂದ. ಗುದ್ದಲಿ ಆಳುಗಳನ್ನು ಕರೆಸಿದ, ಊರವರನ್ನು ಕರೆಸಿದ, ದುಬಾಷಿಯನ್ನೂ ಕರೆಸಿದ. ಏರಿಯ ಕೆಳಗೆ, ನಟ್ಟನಡುವೆ, ದುಬಾಷಿಯ ಹೊಸ ಮಹಡಿಮನೆ ಫಳಫಳ ಹೊಳೆಯುತ್ತಿತ್ತು.

"ದುಬಾಷಿಗಳೇ, ತೂಬಿನಿಂದ ನೀರು ಬಿಟ್ಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಏರಿಯನ್ನೇ ಒಡೆಸೋಣ ಅಂತ ತೀರ್ಮಾನ ಮಾಡಿದ್ದೇನೆ. ಇಗೋ, ಇದೇ ಜಾಗದಲ್ಲಿ. ಯಾವ ಮಾತು ಹಾಕುತ್ತೀರಿ ಇದಕ್ಕೆ?"

ದುಬಾಷಿ ಕೆಳಗೆ ನೋಡಿದ. ಕಣ್ಣು ಮಹಡಿಮನೆ ಮೇಲೇ ನಿಂತಿತು.

"ಸೆನ್ಸಿಬಲ್ ಅನ್ನೋಣವಾ?" ಅಂದ ದೊರೆ. ಒಬ್ಬ ಆಳು ಗುದ್ದಲಿ ಎತ್ತಿದ.

"ಪ್ರೂಡೆಂಟ್?" ಇನ್ನೊಬ್ಬ ಎತ್ತಿದ.

"ವೈಸ್?" ಮೂರನೆಯವನೂ ಎತ್ತಿದ.

"ವೈ... ವೈ..." ಅಂದ ದುಬಾಷಿ. ದೊರೆ ಕೈ ಮೇಲೆತ್ತಿದ್ದೇ ತಡ, ದುಬಾಷಿ ದಡಾರನೆ ಅವನ ಕಾಲಿಗೆ ಬಿದ್ದ. "ಬೇಡಿ ಮಹಾಸ್ವಾಮಿ! ಇದು ಹುಚ್ಚು ತೀರ್ಮಾನ! ನನ್ನ ಮನೆ ಕೊಚ್ಚಿಹೋಗುತ್ತದೆ! ಕೆರೆ ಕೊಡಿಸುತ್ತೇನೆ ಅಂದಿದ್ದಕ್ಕೆ ಸಾಹುಕಾರರು ಕಟ್ಟಿಸಿಕೊಟ್ಟ ಮನೆ..." ಅಂದವನು ಬಾಯಿ ಮುಚ್ಚಿಕೊಂಡ. ಆದರೆ ಊರೆಲ್ಲ ಕೇಳಿಯಾಗಿತ್ತು.

ದೊರೆ ನಕ್ಕ. "ಗುದ್ದಲಿ ಇಳಿಸಿ. ಕೆರೆ ಎಲ್ಲಿದೆಯೋ ಅಲ್ಲೇ ಇರಲಿ. ಬಂದಾಗಿನಿಂದ ಇವನು ಆಡಿದ ಮೊದಲ ನಿಜ ಇದೇ, ಅದೂ ಅಚ್ಚಗನ್ನಡದಲ್ಲಿ."

ಹೊರಟ ಗಾಡಿಗಳು ಹಿಂದಿರುಗಿದವು. ಬೆಕ್ಕುಗಳೂ ಬಂದವು, ಸ್ವಲ್ಪ ಬಿಂಕದಿಂದಲೇ. ದುಬಾಷಿಯ ಮಹಡಿಮನೆ ಊರಿನ ಕಣಜವಾಯಿತು. ಅವನಿಗೆ ಸಿಕ್ಕ ಕೆಲಸ ಏನು ಗೊತ್ತಾ? ಬಾವಿಕಟ್ಟೆಯಲ್ಲಿ ಕೂತು ಹಗ್ಗ ಹೊಸೆಯುವುದು. ದೊರೆ ಡಂಗುರವನ್ನೂ ಸಾರಿಸಿದ: "ಇನ್ನು ಮೇಲೆ ನನ್ನ ತೀರ್ಮಾನಕ್ಕೆ ಮುಂಚಿತವಾಗಿ ಪರಾಕು ಕೂಡದು. ಅದರ ಫಲ ಉಂಡವರು ಬಂದು ಕೂಗಲಿ."

ಕೂಗೇ ಇಲ್ಲದೆ ದಿನಗಳು ಉರುಳಿದವು. ದೊರೆಗೆ ಕಿವಿ ಭಣಭಣ ಅನ್ನಿಸಿತು, ಆದರೂ ಹಲ್ಲುಕಚ್ಚಿ ಕಾದ. ಬೇಸಿಗೆ ಬಂತು. ಒಂದು ಬೆಳಿಗ್ಗೆ ಮುದುಕಿ ಕೆಂಚವ್ವ ಬಾವಿಯಿಂದ ತುಂಬಿದ ಕೊಡ ಎಳೆದುಕೊಂಡು ಕೇಳಿದಳು: "ಏನಪ್ಪಾ ದುಬಾಷಿ, ತಪ್ಪು ತಿದ್ದಿಕೊಂಡು ಉದ್ದ ಹಗ್ಗ ಹಾಕಿಸಿದ ದೊರೆಗೆ ನಿನ್ನ ಭಾಷೇಲಿ ಏನಂತಾರೆ?"

ದುಬಾಷಿ ತುಳುಕುವ ಕೊಡ ನೋಡಿದ. ಮೆಲ್ಲಗೆ ಹೇಳಿದ: "ಸೆನ್ಸಿಬಲ್, ತಾಯಿ."

ಉಪ್ಪರಿಗೆ ಮೇಲಿದ್ದ ದೊರೆಗೆ ಅದು ಕೇಳಿಸಿತು. ಮುಖ ಅರಳಿತು.

"ಮಿಕ್ಕ ಎರಡು?" ಅಂತ ಛೇಡಿಸಿದಳು ಲಿಂಗಾಜಮ್ಮ.

"ದುಡಿದು ಸಂಪಾದಿಸುತ್ತೇನೆ ಕಣೇ" ಅಂದ ದೊರೆ.

ಕೇಳಿದಿರಲ್ಲ, ಮಕ್ಕಳೇ? ವಿವೇಕಿ ಅನ್ನಿ, ವೈಸ್ ಅನ್ನಿ, ಯಾವ ಭಾಷೆಯ ಮಾತಾದರೂ ಆಗಲಿ, ಕೆಲಸದ ಫಲ ನೋಡಿ ಆಮೇಲೆ ಹೊಗಳಿ. ನೀವು ಬಾಯಿ ಬಿಡುವ ಮುಂಚೆಯೇ ಹೊಗಳುವವನನ್ನು ಕಂಡರೆ, ಅವನ ಮನೆ ಯಾರು ಕಟ್ಟಿಸಿಕೊಟ್ಟರು ಅಂತ ಒಮ್ಮೆ ವಿಚಾರಿಸಿ. ನನ್ನ ಕಥೆಯನ್ನೂ ಈಗಲೇ ಹೊಗಳಬೇಡಿ. ನಾಳೆ ನಿಮ್ಮ ನಡತೆ ನೋಡಿ ನಿಮ್ಮಮ್ಮ ಹೇಳಲಿ, ಆಗ ನಂಬುತ್ತೇನೆ.