ಹಲ್ಲಿಗೆ ಸಿಗದ ಮರಳು

ಕಡಲಿನ ತಳವನ್ನು ಹಲ್ಲಿನಿಂದ ಅರಿಯಬಲ್ಲವನೆಂದು ಹಡಗು ನಡೆಸುವ ಜಟ್ಟಿಗ ತಾಂಡೇಲನಿಗೆ ಹೆಸರಿತ್ತು. ಆ ಸೀಮೆಯಲ್ಲಿ ದಡದ ಮಗ್ಗುಲಲ್ಲೇ ಕಡಲು ಪಾತಾಳಕ್ಕಿಳಿಯುವುದರಿಂದ ಆಳ ಅಳೆಯುವ ಹಗ್ಗದ ಉದ್ದದಿಂದ ಏನೂ ತಿಳಿಯದು, ಕೆಸರೇ ಹೇಳಬೇಕು. ನದಿ ತಂದ ಮಣ್ಣಿನಲ್ಲಿ ಭಾರವಾದ ಮರಳು, ನದಿ ಕಡಲು ಸೇರುವ ಅಳಿವೆಯ ಸಮೀಪದಲ್ಲೇ ಕುಳಿತುಬಿಡುತ್ತದೆ. ಹಿಟ್ಟಿಗಿಂತ ನುಣುಪಾದುದು ಮಾತ್ರ ಬಹುದೂರ ಅಲೆದು, ಅಲೆಯ ಅಲುಗಾಟ ಮುಟ್ಟದ ಆಳದಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಜಟ್ಟಿಗನು ಮೇಣ ಮೆತ್ತಿದ ಸೀಸದ ಗುಂಡನ್ನು ಇಳಿಬಿಟ್ಟು, ಅಂಟಿಬಂದ ಕೆಸರನ್ನು ಕಡಿದು ನೋಡುವನು. ಕರಕರ ಎಂದರೆ ದಡ ಹತ್ತಿರ. ಬೆಣ್ಣೆಯಂತೆ ಜಾರಿದರೆ ದೂರ.

ಒಮ್ಮೆ ಮಂಜು ಕವಿದು, ಗಾಳಿ ಬಿದ್ದುಹೋಗಿ, ಹಡಗು ದಿಕ್ಕುಗೆಟ್ಟಿತು. ಕುಡಿಯುವ ನೀರು ಒಂದೇ ಹಂಡೆ ಉಳಿದಿತ್ತು. ಹುಟ್ಟು ಹಾಕುವವರಲ್ಲಿ ಒಬ್ಬನಾದ ಅವನ ತಮ್ಮ ಬೀರನ ತುಟಿ ಬಿರಿದು ನೆತ್ತರು ಒಸರುತ್ತಿತ್ತು. ಜಟ್ಟಿಗನು ಕೆಸರನ್ನು ಕಡಿದನು. ಅದು ಬೆಣ್ಣೆಯಂತೆ ಜಾರಿತು.

“ಏನು ಜಟ್ಟಿಗ, ಮರಳು ಸಿಕ್ಕಿತೋ?” ಎಂದನು ಹಡಗಿನ ಒಡೆಯ ಪದುಮಣ ಶೆಟ್ಟಿ.

ಬೀರನು ಅಣ್ಣನ ಬಾಯನ್ನೇ ನೋಡುತ್ತಿದ್ದನು. ಒಣಗಿದ ಆ ಮುಖದೆದುರು ನಿಜವನ್ನು ನುಡಿಯಲು ಅಣ್ಣನಿಗೆ ಮನಸ್ಸು ಬಾರದಾಯಿತು.

“ಸಿಕ್ಕಿತು ಶೆಟ್ಟರೇ. ನಾಳೆ ದಡ.”

“ಹಾಗಾದರೆ ನೀರನ್ನು ಯಾರಿಗೆ ಕೂಡಿಡುವುದು, ಮೀನಿಗೋ?” ಎಂದು ಶೆಟ್ಟಿ ನಕ್ಕನು. ಹಂಡೆ ಬರಿದಾಯಿತು.

ನಾಳೆ ಬಂತು; ದಡ ಬರಲಿಲ್ಲ. ಅದರ ಮರುದಿನವೂ ಇಲ್ಲ. ಇಬ್ಬರು ಉಪ್ಪುನೀರು ಕುಡಿದು, ಬುದ್ಧಿ ಕೆಟ್ಟು ಸತ್ತರು. ಅವರನ್ನು ಕಡಲಿಗೆ ಇಳಿಸಿದಾಗ, ಅದೇ ನುಣ್ಣನೆಯ ಕೆಸರು ಅವರ ಮೇಲೆ ಸದ್ದಿಲ್ಲದೆ ಇಳಿಯುವುದು ಜಟ್ಟಿಗನ ಕಣ್ಣಿಗೆ ಕಟ್ಟಿತು.

ಆತನು ಮತ್ತೆ ಗುಂಡನ್ನು ಇಳಿಸಿದನು. ಈ ಸಲ ಹಲ್ಲಿನಲ್ಲಿ ಕರಕರ ಎಂದಿತು.

“ಮರಳು ಇದೆ. ಹುಟ್ಟು ಹಾಕಿರಪ್ಪಾ, ಸಂಜೆಯೊಳಗೆ ಅಳಿವೆ.”

ಯಾರೂ ಅಲುಗಲಿಲ್ಲ. “ಮೊನ್ನೆ ತಿನ್ನಿಸಿದ ಮರಳೇ ಇನ್ನೂ ಅರಗಿಲ್ಲ, ತಾಂಡೇಲರೇ” ಎಂದನು ಒಬ್ಬ ಮುದುಕ.

ಜಟ್ಟಿಗನೊಬ್ಬನೇ ಹುಟ್ಟು ಹಿಡಿದನು. ಒಂಟಿ ಹುಟ್ಟಿಗೆ ಹಡಗು ಇದ್ದಲ್ಲೇ ಸುತ್ತಿತು. ಕೊನೆಗೆ ಚಿಟಿಕೆ ಕೆಸರನ್ನು ತಮ್ಮನ ತುಟಿಯ ಬಳಿ ಹಿಡಿದನು.

“ನೀನಾದರೂ ಕಡಿದು ನೋಡೋ.”

“ನನಗಾಗಿ ಇನ್ನೊಂದು ಸುಳ್ಳು ಬೇಡಣ್ಣ” ಎಂದು ಬೀರನು ಬಾಯಿ ಮುಚ್ಚಿಕೊಂಡನು.

ಇರುಳು ಉಬ್ಬರದ ನೀರು ಹಡಗನ್ನು ಮೆಲ್ಲನೆ ದಡದತ್ತ ತಳ್ಳಿತು; ಬೆಳಗಾಗುವಾಗ ಮಂಜು ಹರಿಯಿತು. ಎದುರಿಗೇ ಅಳಿವೆ, ಹೊಳೆಯ ದಂಡೆಯಲ್ಲಿ ಕೊಡ ತುಂಬುತ್ತಿದ್ದ ಹೆಂಗಸರು, ಕೂಗಿದರೆ ಕೇಳುವಷ್ಟು ಹತ್ತಿರ. ಜಟ್ಟಿಗನು ಕೂಗಲಿಲ್ಲ. ಅವನ ತೊಡೆಯ ಮೇಲೆ ತಣ್ಣಗಾಗಿದ್ದ ತಮ್ಮನ ಬಾಯಿ ಇನ್ನೂ ಬಿಗಿದೇ ಇತ್ತು.

ನೀತಿ: ಕರುಣೆಯಿಂದ ಆಡಿದ ಸುಳ್ಳೂ ಸುಳ್ಳೇ. ಅದು ನಂಬಿದವರ ಕೊನೆಯ ನೀರನ್ನೂ, ನಾಳೆ ನಾವು ಆಡಬೇಕಾದ ಸತ್ಯದ ಬೆಲೆಯನ್ನೂ ಒಟ್ಟಿಗೆ ಬರಿದುಮಾಡುತ್ತದೆ.