ರಾಜರು ಕೂಸು ಮಲಗಿಸಿದ್ದು

ಒಬ್ಬ ರಾಜರಿದ್ದರು. ಒಳ್ಳೆಯವರೇ, ಆದರೆ ಕೈ ಸುಮ್ಮನಿರುತ್ತಿರಲಿಲ್ಲ ನೋಡಿ. ಯಾರ ಮನೆಯ ಸಾರಿಗೆ ಎಷ್ಟು ಹುಳಿ, ಯಾರ ಕೂಸು ಯಾವಾಗ ಮಲಗಬೇಕು, ಎಲ್ಲಕ್ಕೂ ಅರಮನೆಯ ಅಪ್ಪಣೆ. ತಮ್ಮ ಊರನ್ನು ತಿದ್ದಿದ್ದು ಸಾಲದೆ, ಪಕ್ಕದ ರಾಜ್ಯವನ್ನೂ ತಿದ್ದಿ ಬರೋಣವೆಂದು ದಂಡು ಕಟ್ಟಿದರು.

ಆ ದಂಡಿನಲ್ಲಿ ಕುಂಬಾರರ ಕೇರಿಯ ಚಿಕ್ಕತಾಯಿ ಎಂಬವಳ ಗಂಡನೂ ಹೊರಡಬೇಕಿತ್ತು. ಹೋದವನು ತಿರುಗಿ ಬರುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲೇ ಅವಳು ಅಳುವ ಕೂಸನ್ನು ತೂಗುತ್ತಿದ್ದಳು. ಸಾಲದ್ದಕ್ಕೆ ಅರಮನೆಯ ಪಹರೆಯವನು ಬಾಗಿಲಿಗೆ ಬಂದು ಗದರಿದ.

"ಮಧ್ಯಾಹ್ನ ಮಲಗೋ ಹೊತ್ತಾದ್ರೂ ಕೂಸು ಅಳ್ತಿದೆಯಲ್ಲಮ್ಮಾ! ಅಪ್ಪಣೆ ಗೊತ್ತಿಲ್ವಾ?"

ಚಿಕ್ಕತಾಯಿ ಕೂಸನ್ನೆತ್ತಿಕೊಂಡು ನೆಟ್ಟಗೆ ಅರಮನೆಗೇ ಹೋದಳು. ಕುದುರೆ ಹತ್ತಲು ನಿಂತಿದ್ದ ರಾಜರ ಕೈಗೇ ಅದನ್ನು ಕೊಟ್ಟಳು.

"ನನ್ನ ಮಾತು ಕೇಳ್ತಿಲ್ಲ, ಬುದ್ಧಿ. ಅಪ್ಪಣೆ ಕೊಟ್ಟೋರೇ ಮಲಗಿಸಿ."

ರಾಜರು ಗದರಿದರು. ಕೂಸು ಇನ್ನೂ ಜೋರು ಮಾಡಿತು. ಅಪ್ಪಣೆಯನ್ನು ಓದಿಸಿದರು. ಕೂಸು ಅವರ ಮೀಸೆ ಹಿಡಿದು ಜಗ್ಗಿತು.

"ಏನು ಮಾಡ್ಲಮ್ಮಾ ಇದಕ್ಕೆ?"

"ಏನೂ ಮಾಡ್ಬೇಡಿ, ಬುದ್ಧಿ. ಹೆಗಲಿಗೆ ಹಾಕ್ಕೊಂಡು ಸುಮ್ನಿರಿ."

ಹುಟ್ಟಿದ ಮೇಲೆ ಮೊದಲ ಸಲ ರಾಜರು ಸುಮ್ಮನಿದ್ದರು. ಕೂಸು ಬಿಕ್ಕಿತು, ಆಕಳಿಸಿತು, ಅವರ ಕುತ್ತಿಗೆಗೆ ಮೂಗು ಒತ್ತಿ ನಿದ್ದೆಹೋಯಿತು. ಆಗ ರಾಜರ ಮುಖ ನೋಡಬೇಕಿತ್ತು, ಕರಗಿದ ಬೆಣ್ಣೆ!

"ಗಡಿಯಾಚೆಗೂ ಇಂಥವೇ ಇವೆ, ಬುದ್ಧಿ," ಎಂದಳು ಚಿಕ್ಕತಾಯಿ ಮೆಲ್ಲಗೆ. "ಅವುಗಳ ಅಮ್ಮಂದಿರಿಗೂ ಮಲಗಿಸೋಕೆ ಬರುತ್ತೆ."

ಅಷ್ಟರಲ್ಲಿ ದಳವಾಯಿ ಕೂಗಿದ, "ನಗಾರಿ ಹೊಡೀರೋ!"

"ಶ್! ನಗಾರಿ ಗಿಗಾರಿ ಏನೂ ಬೇಡ," ರಾಜರು ಪಿಸುಗುಟ್ಟಿದರು. "ಎಲ್ಲರೂ ಮನೆಗೆ ಹೋಗಿ. ಸದ್ದಾಗದ ಹಾಗೆ!"