ಬಾಗಿಲು ಹಾಕಿಸಿ ದಯೆ ಕೇಳಿದ ದೊರೆ

ಕೂತ್ಕೊಳ್ರಪ್ಪ, ಕೂತ್ಕೊಳ್ಳಿ. ನಗೋದಿದ್ರೆ ಮೊದಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ.

ಹೊನ್ನಗುಡ್ಡ ಅಂತ ಒಂದು ರಾಜ್ಯ. ಅಲ್ಲೊಬ್ಬ ದೊರೆ, ಬೈರರಸ. ಅವನಿಗೆ ವೇದಾಂತದ ಹುಚ್ಚು. ಬೆಳಗಾದರೆ ಅರಮನೇಲಿ ದಯೆಯ ಮೇಲೆ ಪ್ರವಚನ, ಬೈಗಾದರೂ ಮುಗೀತಿರಲಿಲ್ಲ. ಮಂತ್ರಿ, ಸೇನಾಪತಿ, ರಾಜವೈದ್ಯ ಎಲ್ಲರೂ ಕೂರಲೇಬೇಕು. ನಡುವೆ ಎದ್ದು ಹೋಗೋ ಹಾಗಿಲ್ಲ. ಶಾಸ್ತ್ರಿಗಳು ಪರರ ನೋವಿನ ಮಾತು ತೆಗೆದರೆ ಸಾಕು, ದೊರೆ ಗಳಗಳ ಅಳೋನು. ತನ್ನಂಥ ಕರುಣಾಳು ಇನ್ನೊಬ್ಬನಿಲ್ಲ ಅಂತ ಒಳಗೊಳಗೇ ಬೀಗೋನು.

ಒಂದಿನ ಹೀಗೇ ಅಳ್ತಾ ಕೂತಿದ್ದ. ಹೆಬ್ಬಾಗಿಲಲ್ಲಿ ಒಬ್ಬ ಹೆಂಗಸು ಕೂಗಿಕೊಂಡಳು.

"ಬುದ್ಧೀ, ಮಗಳಿಗೆ ಕೆಂಡದಂಥ ಜ್ವರ! ವೈದ್ಯರನ್ನ ಕಳಿಸಿ!"

"ಥೂ, ಒಳ್ಳೇ ಘಟ್ಟದಲ್ಲಿ ಬಂದ್ಲಲ್ಲ! ಬಾಗಿಲು ಹಾಕ್ರೋ" ಅಂದ ದೊರೆ.

ಮಾರನೇ ದಿನ ಮತ್ತೆ ಬಂದಳು. ಕೂಗು ಬಾಗಿಲು ದಾಟಿ ಒಳಗೆ ಬಂತು.

"ಕಿಟಕೀನೂ ಹಾಕ್ರೋ!"

ಮೂರನೇ ದಿನ ಕೂಗು ಹೋಗಿ ಗೋಳಾಟವೇ ಆಗಿತ್ತು.

"ಜಾಗಟೆ ಬಾರಿಸ್ರೋ! ಈ ಗಲಾಟೇಲಿ ನಂಗೆ ದಯೆ ಕೇಳಿಸ್ತಾನೇ ಇಲ್ಲ!"

ಏನು ಹೇಳೋಣ ಇಂಥವನಿಗೆ!

ಅದರ ಮಾರನೇ ದಿನ ಕಾವಿ ಉಟ್ಟು, ಮುಸುಕು ಹೊದ್ದ ಯೋಗಿನಿಯೊಬ್ಬಳು ಬಂದಳು. "ದಯೆಯನ್ನ ಕಣ್ಣಾರೆ ತೋರಿಸೋಳು ಬಂದಿದ್ದಾಳೆ ಅಂತ ನಿನ್ನ ದೊರೆಗೆ ಹೇಳು" ಅಂದಳು ಕಾವಲುಗಾರನಿಗೆ. ತಗೊಳ್ಳಿ, ಬಾಗಿಲು ದಡಾರನೆ ತೆರೀತು. ದೊರೆ ಬರಿಗಾಲಲ್ಲಿ ಓಡಿಬಂದು ಅಡ್ಡಬಿದ್ದ.

"ಎಲ್ಲಿದೆ ತಾಯೀ, ದಯೆ?"

"ನಡಿ, ತೋರಿಸ್ತೀನಿ. ರಾಜವೈದ್ಯನೂ ಬರಲಿ, ಔಷಧಿ ಚೀಲದ ಸಮೇತ."

ಏನೋ ಗಹನವಾದ ತತ್ವ ಇರಬೇಕು ಅಂದ್ಕೊಂಡ ದೊರೆ. ಹಿಗ್ಗಿನಿಂದಲೇ ಹೊರಟ.

ನೇಕಾರರ ಕೇರಿ. ಒಂದು ಗುಡಿಸಲು. ಚಾಪೆ ಮೇಲೆ ಸಣ್ಣ ಹುಡುಗಿ, ಮೈಮೇಲೆ ಪ್ರಜ್ಞೆಯಿಲ್ಲ. ಯೋಗಿನಿ ಮುಸುಕು ತೆಗೆದಳು.

"ನಾನು ನೀಲವ್ವ ಬುದ್ಧಿ, ಮಗ್ಗದೋಳು. ಮೂರು ದಿನ ನಿಮ್ಮ ಬಾಗಿಲಲ್ಲಿ ಅತ್ತೋಳು. ಅಳೋ ತಾಯಿಗೆ ತೆರೆಯದ ಬಾಗಿಲು ಕಾವಿಗೆ ತೆರೀತು ನೋಡಿ."

ದೊರೆಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸ್ತು. ಆ ದನಿ ಅವನಿಗೆ ಗೊತ್ತಿತ್ತು. ಮೂರು ದಿನವೂ ಕೇಳಿಸಿತ್ತಲ್ಲ!

ವೈದ್ಯ ನಾಡಿ ಹಿಡಿದು, ಕಷಾಯ ಕುಡಿಸಿದ. "ಉಳೀತಾಳೆ. ಮೊದಲ ದಿನವೇ ನಾನು ಬಂದಿದ್ರೆ ಮಗು ಇಷ್ಟು ನರಳಬೇಕಿರಲಿಲ್ಲ" ಅಂದ.

ದೊರೆ ಬಟ್ಟೆ ಒದ್ದೆ ಮಾಡಿ ಮಗುವಿನ ಹಣೆಗೆ ತಾನೇ ಹಾಕ್ತಾ ಕೂತ. ದಿನಾ ಗಳಗಳ ಅಳ್ತಿದ್ದವನಿಗೆ ಈಗ ಅಳೋಕೂ ಮುಖವಿರಲಿಲ್ಲ. ಸಂಜೆ ಹೊತ್ತಿಗೆ ಜ್ವರ ಇಳಿದು, ಹುಡುಗಿ ಕಣ್ಣು ಬಿಟ್ಟಳು.

"ಅವ್ವಾ, ಇವರ್ಯಾರು?"

ನೀಲವ್ವ ದೊರೆಯ ಕಡೆ ನೋಡಿದಳು. "ನೀವೇ ಹೇಳಿ ಬುದ್ಧಿ."

ದೊರೆ ಬಾಯಿ ತೆರೆದ. 'ನಿಮ್ಮ ಅರಸ' ಅನ್ನೋ ಮಾತು ಗಂಟಲಿಂದ ಮೇಲೆ ಬರಲೇ ಇಲ್ಲ. ತಲೆ ತಗ್ಗಿಸಿಕೊಂಡು ಮತ್ತೆ ಬಟ್ಟೆ ಹಿಂಡಿದ.

ಇಷ್ಟೇ ಕಣ್ರಪ್ಪ. ತತ್ವ ಕೇಳಿ ಕಣ್ಣೀರು ಹಾಕಿದರೆ ಅದು ನಮ್ಮದಾಗಲ್ಲ. ಎದ್ದು ಹೋಗಿ ಮಾಡಿದ್ದಷ್ಟೇ ನಮ್ಮದು.